ಹಳೆಯ ಜಪಾನಿ ಟ್ವಿನ್ ಲೆನ್ಸ್ ಕ್ಯಾಮೆರಾ: ಯಾಶಿಕಾವೋ, ಆಟೋಕಾರ್ಡೋ, ಮಾಮಿಯಾವೋ?

ಹಳೆಯ ಟ್ವಿನ್ ಲೆನ್ಸ್ ಕ್ಯಾಮೆರಾ ಕೊಳ್ಳಬೇಕೆಂದು ಹುಡುಕಲು ಕೂತವರಿಗೆ ಮೊದಲು ಕಣ್ಣಿಗೆ ಬೀಳುವುದು ಯಾಶಿಕಾ ಮ್ಯಾಟ್ 124ಜಿ. ಮೈಯೆಲ್ಲ ಕಪ್ಪು, ಹೆಸರು ಎಲ್ಲರ ಬಾಯಲ್ಲಿ, ಬೆಲೆಯೂ ಯಾಶಿಕಾಗಳಲ್ಲಿ ಅದರದೇ ಹೆಚ್ಚು. ಹೆಸರಿನ ಕೊನೆಯ ‘ಜಿ’ ಚಿನ್ನವನ್ನು ಸೂಚಿಸುತ್ತದೆ: ಬೆಳಕು ಅಳೆಯುವ ಒಳಗಿನ ಲೈಟ್ ಮೀಟರಿನ ವಿದ್ಯುತ್ ಸಂಪರ್ಕಗಳಿಗೆ ಚಿನ್ನದ ಲೇಪ ಕೊಟ್ಟಿದ್ದರು. ಚಿತ್ರ ಮೂಡಿಸುವ ಲೆನ್ಸ್ ಮಾತ್ರ ಅದಕ್ಕಿಂತ ಹಳೆಯ, ಅಗ್ಗದ ಬೆಳ್ಳಿಬಣ್ಣದ ಯಾಶಿಕಾ-ಮ್ಯಾಟ್‌ನಲ್ಲೂ ಅದೇ ಜಾತಿಯದು. ಹಾಗಾಗಿ ಈ ಮಾರ್ಗದರ್ಶಿಯ ಸಲಹೆಯನ್ನು ಮೊದಲೇ ಹೇಳಿಬಿಡುತ್ತೇವೆ. ಹಣವನ್ನು ಮೀಟರಿಗೂ ಹೆಸರಿಗೂ ಹಾಕಬೇಡಿ. ಲೆನ್ಸ್ ಶುಭ್ರವಾಗಿರಬೇಕು, ಶಟರ್ ಸರಿಯಾಗಿ ನಡೆಯಬೇಕು, ಫೋಕಸ್ ನಿಖರವಾಗಿರಬೇಕು. ಈ ಮೂರು ಇರುವ ಕ್ಯಾಮೆರಾ ಯಾವ ಮಾದರಿಯದಾದರೂ ಕೊಳ್ಳಿ.

ನಮ್ಮ ಮನೆಗಳ ಹಳೆಯ ಮದುವೆ ಆಲ್ಬಮ್‌ಗಳಲ್ಲಿ ಕಪ್ಪು ಮೂಲೆಪಟ್ಟಿಗೆ ಸಿಕ್ಕಿಸಿರುವ ಚೌಕ ಫೋಟೊಗಳು ಎಷ್ಟೋ ಈ ಬಗೆಯ ಕ್ಯಾಮೆರಾದಲ್ಲೇ ತೆಗೆದವು. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡುತ್ತಾರೆ. ಮೇಲಿನ ಲೆನ್ಸ್ ನೋಡಲು, ಕೆಳಗಿನದು ಚಿತ್ರ ತೆಗೆಯಲು. ನಡುವೆ ಏಳುವ ಬೀಳುವ ಕನ್ನಡಿ ಇಲ್ಲ. ಆದ್ದರಿಂದ ಶಟರ್ ಒತ್ತಿದಾಗ ಸಣ್ಣ ‘ಚಿಕ್’ ಶಬ್ದ ಬಿಟ್ಟರೆ ಕೈಗೆ ಅದುರು ತಿಳಿಯುವುದಿಲ್ಲ. 1/30 ಸೆಕೆಂಡಿನಲ್ಲೂ ಕೈಯಲ್ಲೇ ಹಿಡಿದು ತೆಗೆಯಬಹುದು. 120 ಎಂಬ ಅಗಲ ಫಿಲ್ಮಿನ ರೋಲಿನಲ್ಲಿ 6×6 ಸೆಂ.ಮೀ. ಅಳತೆಯ 12 ಚಿತ್ರ.

ಯಾಶಿಕಾ ಮನೆತನ

ಈ ವಿನ್ಯಾಸದ ತಾಯಿಬೇರು ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ 1929ರಲ್ಲಿ ಬಂದ ರೋಲೈಫ್ಲೆಕ್ಸ್. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಅದರ ಮಾದರಿ ಹಿಡಿದು ಹತ್ತಾರು ಕಂಪನಿಗಳು ಕ್ಯಾಮೆರಾ ಮಾಡಲು ಇಳಿದವು. 1950ರಲ್ಲಿ ಬಂದ ಅಗ್ಗದ ರಿಕೋಫ್ಲೆಕ್ಸ್ III ಆ ಅಲೆಯನ್ನು ಎಬ್ಬಿಸಿತು. ಅಲೆ ಇಳಿದಾಗ ಉಳಿದವರು ಕೆಲವರೇ.

ಯಾಶಿಕಾ ಹುಟ್ಟಿದ್ದು ನಾಗಾನೊ ಪ್ರಾಂತದ ಸುವಾದಲ್ಲಿ. ಗಡಿಯಾರದಂಥ ಸೂಕ್ಷ್ಮ ಯಂತ್ರಗಳ ಕೆಲಸಕ್ಕೆ ಹೆಸರಾದ ಸೀಮೆ ಅದು. ಯೋಶಿಮಾಸಾ ಉಶಿಯಾಮಾ 1949ರ ಡಿಸೆಂಬರಿನಲ್ಲಿ ಎಂಟು ಜನರೊಂದಿಗೆ ‘ಯಾಶಿಮಾ ಸೈಕಿ’ ಕಟ್ಟಿದಾಗ ಅಲ್ಲಿ ತಯಾರಾಗುತ್ತಿದ್ದುದು ವಿದ್ಯುತ್ ಗಡಿಯಾರದ ಬಿಡಿಭಾಗಗಳು. ಆಮೇಲೆ ಕ್ಯಾಮೆರಾ ಭಾಗಗಳತ್ತ ಹೊರಳಿ, 1953ರಲ್ಲಿ ಪಿಜನ್‌ಫ್ಲೆಕ್ಸ್ ಎಂಬ ಇಡೀ ಕ್ಯಾಮೆರಾವನ್ನೇ ಮಾಡಿದರು. ಯಾಶಿಮಾಫ್ಲೆಕ್ಸ್, ಯಾಶಿಕಾಫ್ಲೆಕ್ಸ್ ಅದರ ಬೆನ್ನಿಗೇ ಬಂದವು. 1957ರಲ್ಲಿ ಫಿಲ್ಮ್ ಸರಿಸಲು ಹ್ಯಾಂಡಲ್ ಇರುವ ಯಾಶಿಕಾ-ಮ್ಯಾಟ್ ಬಂತು. 1958ರಲ್ಲಿ ಕಂಪನಿ ತನ್ನ ಹೆಸರನ್ನೇ ಯಾಶಿಕಾ ಎಂದು ಬದಲಿಸಿಕೊಂಡಿತು. ಲೆನ್ಸ್ ಒದಗಿಸುತ್ತಿದ್ದ ಟೊಮಿಯೋಕಾ ಆಪ್ಟಿಕಲ್ 1968ರಲ್ಲಿ ಯಾಶಿಕಾದ ತೆಕ್ಕೆಗೆ ಬಂತು. 1983ರಲ್ಲಿ ಯಾಶಿಕಾವೇ ಕ್ಯೋಸೆರಾ ಕೈಸೇರಿತು. ಉಳಿದ ಬಹುತೇಕರು ಬಹು ಹಿಂದೆಯೇ 35 ಮಿ.ಮೀ. ಫಿಲ್ಮಿನ ಕ್ಯಾಮೆರಾಗಳ ಕಡೆಗೆ ಹೋಗಿದ್ದರೂ 124ಜಿ 1970ರಿಂದ 1986ರವರೆಗೆ ತಯಾರಾಗುತ್ತಲೇ ಇತ್ತು. ಇವತ್ತು ಅದು ಇಷ್ಟು ಸುಲಭವಾಗಿ ಸಿಗುವುದು ಅದಕ್ಕೇ.

ಒಂದೇ ಮೈಕಟ್ಟಿಗೆ ಬೇರೆ ಬೇರೆ ಲೆನ್ಸ್, ಬೇರೆ ಬೇರೆ ಶಟರ್ ಕೂರಿಸಿ, ಬೇರೆ ಬೇರೆ ಬೆಲೆಗೆ ಮಾರುವುದು ಯಾಶಿಕಾದ ರೀತಿ. ಕೊಳ್ಳುವವರಿಗೆ ಗೊಂದಲ ಶುರುವಾಗುವುದೂ ಇಲ್ಲೇ. ಕೆಳಗಿನ ಲೆನ್ಸಿನ ಸುತ್ತ ಕೊರೆದಿರುವ ಅಕ್ಷರ ಓದಿ. ‘ಯಾಶಿನಾನ್’ ಎಂದಿದ್ದರೆ ಜರ್ಮನಿಯ ಟೆಸ್ಸಾರ್ ಲೆನ್ಸಿನ ಮಾದರಿಯ ನಾಲ್ಕು ಗಾಜಿನದು. ‘ಯಾಶಿಕೋರ್’ ಎಂದಿದ್ದರೆ ಮೂರು ಗಾಜಿನದು. ಮೊದಮೊದಲ ಯಾಶಿಕಾ-ಮ್ಯಾಟ್‌ಗಳಲ್ಲಿ ‘ಲುಮಾಕ್ಸಾರ್’ ಎಂಬ ಹೆಸರಿದೆ. ಅದೂ ಒಳ್ಳೆಯ ಲೆನ್ಸೇ. ಇವು ಹೆಚ್ಚಾಗಿ 80 ಮಿ.ಮೀ., ಎಫ್/3.5. (‘ಎಫ್’ ಎಂದರೆ ಬೆಳಕು ಬಿಡುವ ಕಿಂಡಿಯ ಅಳತೆ, ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು.)

ಮೂರು ಗಾಜಿನ ಯಾಶಿಕೋರ್ ಅನ್ನು ತಳ್ಳಿಹಾಕಬೇಡಿ. ಎಫ್/3.5ರಲ್ಲಿ ನಡುಭಾಗ ಚೊಕ್ಕವಾಗಿಯೂ ಮೂಲೆಗಳು ಮೃದುವಾಗಿಯೂ ಬರುತ್ತವೆ. ಹಿಂದೆ ಎಲೆಗಳಿದ್ದರೆ ಸುತ್ತಿದಂತೆ ಕಾಣುತ್ತವೆ. ಎಫ್/8, ಎಫ್/11ಕ್ಕೆ ತಂದರೆ ಸಾಮಾನ್ಯ ಅಳತೆಯ ಪ್ರಿಂಟಿನಲ್ಲಿ ಯಾಶಿನಾನ್‌ಗೂ ಇದಕ್ಕೂ ವ್ಯತ್ಯಾಸ ಹೇಳುವುದು ಕಷ್ಟ. ಮುಖಚಿತ್ರ ತೆಗೆಯುವವರು ಆ ಮೃದುತ್ವವನ್ನೇ ಬಯಸಿ ಇದನ್ನು ಹುಡುಕುತ್ತಾರೆ. ಬೆಳಕು ಕಡಿಮೆ ಇರುವಲ್ಲಿ ಎಫ್/4ರ ಆಸುಪಾಸಿನಲ್ಲಿ ಇಡೀ ಚೌಕ ಚೊಕ್ಕವಾಗಿರಬೇಕೆಂದರೆ ಮಾತ್ರ ಯಾಶಿನಾನ್ ಬೇಕು.

ಯಾಶಿಕಾಗಳಲ್ಲೇ ಯಾವುದು?

ಯಾಶಿಕಾ-ಡಿಯಲ್ಲಿ ಹ್ಯಾಂಡಲ್ ಇಲ್ಲ. ನಾಬ್ ತಿರುಗಿಸಿ ಫಿಲ್ಮ್ ಸರಿಸಬೇಕು, ಶಟರ್ ಅನ್ನು ಬೇರೆಯಾಗಿ ಸಣ್ಣ ಲಿವರಿನಿಂದ ಎಳೆಯಬೇಕು. ಕೆಲಸ ಎರಡಾದರೂ ಒಳಗಿನ ಗೇರುಗಳು ಕಡಿಮೆ, ಕೆಡುವುದೂ ಕಡಿಮೆ. ಶಟರ್ ಕೋಪಾಲ್ ಎಂಎಕ್ಸ್‌ವಿ, 1 ಸೆಕೆಂಡಿನಿಂದ 1/500ರವರೆಗೆ. ಇದರ ದೋಷ ಎಂದರೆ ಮರೆವು: ಫಿಲ್ಮ್ ಸರಿಸದೆ ಶಟರ್ ಎಳೆದರೂ ಅದು ಬಿಡುತ್ತದೆ, ಒಂದರ ಮೇಲೊಂದು ಚಿತ್ರ ಬೀಳುತ್ತದೆ. ತೆಗೆದ ತಕ್ಷಣ ನಾಬ್ ತಿರುಗಿಸಿಬಿಡುವುದನ್ನು ರೂಢಿ ಮಾಡಿಕೊಳ್ಳಿ. ಹೆಚ್ಚಿನ ಡಿಗಳಲ್ಲಿ ಯಾಶಿಕೋರ್ ಇರುತ್ತದೆ. ಕೊನೆಯ ವರ್ಷಗಳವುಗಳಲ್ಲಿ ಯಾಶಿನಾನ್ ಬಂತು. ಯಾಶಿನಾನ್ ಇರುವ ಡಿ ಸಿಕ್ಕಿದರೆ ಬಿಡಬೇಡಿ, ಮೊದಲ ಕ್ಯಾಮೆರಾಕ್ಕೆ ಅದಕ್ಕಿಂತ ಒಳ್ಳೆಯದಿಲ್ಲ.

ಯಾಶಿಕಾ-ಎ ಇನ್ನೂ ಸರಳ. ಶಟರ್ 1/25ರಿಂದ 1/300ರವರೆಗೆ ಮಾತ್ರ. ಹಿಂಬದಿಯ ಕೆಂಪು ಕಿಟಕಿಯಲ್ಲಿ ಅಂಕಿ ನೋಡಿ ಫಿಲ್ಮ್ ಸರಿಸಬೇಕು. ಬಯಲಿನಲ್ಲಿ ತೆಗೆಯಲು ಸಾಕು. 635 ಎಂದರೆ 35 ಮಿ.ಮೀ. ರೋಲನ್ನೂ ಹಾಕಬಹುದಾದ ಮಾದರಿ. ಅದರ ಅಡಾಪ್ಟರ್ ಭಾಗಗಳು ಬಹುತೇಕ ಕಳೆದುಹೋಗಿರುತ್ತವೆ. ಅವಿಲ್ಲದಿದ್ದರೆ ಅದು ಡಿಯಂಥದ್ದೇ ಕ್ಯಾಮೆರಾ, ಹೆಚ್ಚು ಹಣ ಕೊಡಬೇಕಿಲ್ಲ. ಚೆಂದದ ಪುಟ್ಟ ಯಾಶಿಕಾ 44ಕ್ಕೆ 127 ರೋಲ್ ಬೇಕು. ಅದು ಸಿಗುವುದು ಅಪರೂಪ, ಕಪಾಟಿನಲ್ಲಿ ಇಡಲು ಮಾತ್ರ ಕೊಳ್ಳಿ. ಯಾಶಿಕಾ 24 ಇದ್ದುದೇ ಉದ್ದದ, ಹಿಂಬದಿ ಕಾಗದವಿಲ್ಲದ 220 ರೋಲಿಗಾಗಿ, ಅದನ್ನೂ ಬಿಟ್ಟುಬಿಡಿ.

ಯಾಶಿಕಾ-ಮ್ಯಾಟ್ ಮತ್ತು 124, 124ಜಿಗಳಲ್ಲಿ ಹ್ಯಾಂಡಲ್ ಮುಂದಕ್ಕೆ ತಿರುಗಿಸಿ ಹಿಂದಕ್ಕೆ ತಂದರೆ ಫಿಲ್ಮೂ ಸರಿಯುತ್ತದೆ, ಶಟರೂ ಸಿದ್ಧವಾಗುತ್ತದೆ. ವೇಗವಾಗಿ ಕೆಲಸ ಮಾಡಬೇಕಾದವರಿಗೆ ಇದು ಹಿತ. ಹ್ಯಾಂಡಲ್ ಅರ್ಧದಲ್ಲಿ ನಿಂತರೆ ಒತ್ತಾಯ ಮಾಡಬೇಡಿ. ಒಳಗಿನ ಸಣ್ಣ ಹಲ್ಲು ಮುರಿದರೆ ಇನ್ನೊಂದು ಕ್ಯಾಮೆರಾ ಬಿಚ್ಚಿಯೇ ಅದನ್ನು ತರಬೇಕು.

124ಜಿಯ ಮೀಟರಿಗೆ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕಿತ್ತು. ಅದರ ತಯಾರಿಕೆ ನಿಂತು ಬಹಳ ವರ್ಷವಾಯಿತು. ಅದೇ ಅಳತೆಯ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಮುಳ್ಳು ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ, ಅದನ್ನು ನಂಬಿ ತೆಗೆದ ಚಿತ್ರಕ್ಕೆ ಬೆಳಕು ಸಾಲದೆ ಕಪ್ಪಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಶ್ರವಣಯಂತ್ರದ 675 ಜಿಂಕ್-ಏರ್ ಸೆಲ್ 1.4 ವೋಲ್ಟ್ ಕೊಡುತ್ತದೆ. ಅದರ ಸುತ್ತ ರಬ್ಬರ್ ಉಂಗುರ ಸುತ್ತಿ ಕೂರಿಸಿದರೆ ಮೀಟರ್ ಸರಿಗೆ ಹತ್ತಿರ ಬರುತ್ತದೆ. ಅಂಟಿಸಿದ ಪಟ್ಟಿ ಕಿತ್ತ ಮೇಲೆ ಆ ಸೆಲ್ ಬಾಳುವುದು ಕೆಲವು ವಾರಗಳು, ಹೆಚ್ಚೆಂದರೆ ಎರಡು ಮೂರು ತಿಂಗಳು. ಹುಡ್ (ಮೇಲಿನ ಮುಚ್ಚಳ) ತೆರೆದೊಡನೆ ಮೀಟರ್ ಚಾಲೂ ಆಗುವುದರಿಂದ ಮುಚ್ಚಿಡುವುದನ್ನು ಮರೆಯಬಾರದು. ಇಷ್ಟೆಲ್ಲ ಮಾಡಿದ ಮೇಲೂ ಸಿಗುವುದು ನಾಲ್ಕೈದು ದಶಕ ಹಳೆಯ, ಬೆಳಕು ಗ್ರಹಿಸುವ ಸಿಡಿಎಸ್ ಕೋಶದ ಅಂದಾಜು. ಫೋನಿನ ಲೈಟ್ ಮೀಟರ್ ಆ್ಯಪ್ ಇದಕ್ಕಿಂತ ನಂಬಿಕಸ್ಥ. ಬಿಸಿಲಿನಲ್ಲಂತೂ ಮೀಟರೇ ಬೇಡ: ಐಎಸ್‌ಒ 100 ಫಿಲ್ಮಿಗೆ ಎಫ್/16, 1/125. ಮರದ ನೆರಳಿಗೆ ಬಂದರೆ ಎಫ್/5.6.

124ರಿಂದೀಚೆಗೆ ಫಿಲ್ಮನ್ನು ಹಿಂದಿನಿಂದ ಒತ್ತಿ ಹಿಡಿಯುವ ಒತ್ತುಫಲಕವನ್ನು 12 (120 ರೋಲ್) ಮತ್ತು 24ಕ್ಕೆ (220 ರೋಲ್) ಸರಿಸುವ ವ್ಯವಸ್ಥೆ ಇದೆ. 120 ರೋಲಿಗೆ 12ರಲ್ಲೇ ಇರಬೇಕು. ಹಿಂದಿನ ಮಾಲೀಕರು 24ರಲ್ಲಿ ಬಿಟ್ಟಿದ್ದರೆ ಹಿಂಬದಿ ಕಾಗದವಿರುವ ರೋಲಿಗೆ ಜಾಗ ಸಾಲದೆ ಹ್ಯಾಂಡಲ್ ಬಿಗಿಯಾಗುತ್ತದೆ. ಎಷ್ಟೋ ಸಲ ‘ಕೆಟ್ಟಿದೆ’ ಎಂದು ಮಾರುವ ಕ್ಯಾಮೆರಾದ ಕಾಯಿಲೆ ಇಷ್ಟೇ ಇರುತ್ತದೆ.

ಮಿನೋಲ್ಟಾ ಆಟೋಕಾರ್ಡ್

ಕಾಜುವೊ ತಾಶಿಮಾ 1928ರಲ್ಲಿ ಕಟ್ಟಿದ ಸಂಸ್ಥೆ, ಚಿಯೋದಾ ಕೊಗಾಕು ಎಂಬ ಹೆಸರಿನಲ್ಲಿದ್ದಾಗ, 1955ರಲ್ಲಿ ಹೊರತಂದ ಕ್ಯಾಮೆರಾ ಇದು. ಲೆನ್ಸ್ ರೊಕ್ಕೋರ್ 75 ಮಿ.ಮೀ. ಎಫ್/3.5, ನಾಲ್ಕು ಗಾಜು. ಬೆಳಕಿನ ಕಿಂಡಿ ಪೂರ್ತಿ ತೆರೆದಾಗ ಮೂಲೆಗಳವರೆಗಿನ ಚೊಕ್ಕತನದಲ್ಲಿ ಇದು ಯಾಶಿನಾನ್‌ಗಿಂತ ಒಂದು ಕೈ ಮೇಲು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಗುಣ ಹೊರಗೆ ಕಾಣುವುದಿಲ್ಲ. ಯಾಶಿಕಾದಲ್ಲಿ ಹೊಸ ರೋಲ್ ಕೆಳಗೆ ಕೂರುತ್ತದೆ. ಫಿಲ್ಮ್ ಅಲ್ಲಿಂದ ರೋಲರಿನ ಮೇಲೆ ಲಂಬಕೋನದಲ್ಲಿ ಬಾಗಿ ಮೇಲೇರಿ ಚಿತ್ರದ ಕಿಂಡಿಗೆ ಬರುತ್ತದೆ. ಅರ್ಧ ರೋಲ್ ತೆಗೆದು ಎರಡು ವಾರ ಹಾಗೇ ಬಿಟ್ಟರೆ ಬಾಗಿದ ಜಾಗ ಉಬ್ಬಾಗಿ ನಿಲ್ಲುತ್ತದೆ. ಮುಂದಿನ ಚಿತ್ರದಲ್ಲಿ ಆ ಪಟ್ಟಿ ಮಸುಕಾಗಬಹುದು. ಆಟೋಕಾರ್ಡಿನಲ್ಲಿ ಹೊಸ ರೋಲ್ ಮೇಲೆ. ಫಿಲ್ಮ್ ನೇರವಾಗಿ ಕಿಂಡಿಗೆ ಇಳಿದು, ಚಿತ್ರ ಬಿದ್ದ ಮೇಲಷ್ಟೇ ಬಾಗುತ್ತದೆ. ನಿಧಾನವಾಗಿ, ತಿಂಗಳಿಗೊಂದು ರೋಲ್ ತೆಗೆಯುವವರಿಗೆ ಇದು ನಿಜಕ್ಕೂ ಉಪಯೋಗ.

ಇದರ ದೊಡ್ಡ ದೌರ್ಬಲ್ಯ ಲೆನ್ಸಿನ ಕೆಳಗೆ ಅರ್ಧಚಂದ್ರಾಕಾರದಲ್ಲಿ ಓಡಾಡುವ ಫೋಕಸ್ ಲಿವರ್. ಅದರ ಎರಕದ ಲೋಹ ಬಾಗುವುದಿಲ್ಲ, ಮುರಿಯುತ್ತದೆ. ವರ್ಷಗಟ್ಟಲೆ ಬಳಸದ ಕ್ಯಾಮೆರಾದಲ್ಲಿ ಒಳಗಿನ ಗ್ರೀಸು ಮೇಣದಂತೆ ಗಟ್ಟಿಯಾಗಿರುತ್ತದೆ. ಗೊತ್ತಿಲ್ಲದವರು ಹೆಬ್ಬೆರಳಿನಿಂದ ತಳ್ಳುತ್ತಾರೆ, ಲಿವರ್ ‘ಟಕ್’ ಎಂದು ಕೈಗೆ ಬರುತ್ತದೆ. ಅನಂತದಿಂದ 1 ಮೀಟರಿನವರೆಗೆ ಒಂದೇ ಬೆರಳ ತುದಿಗೆ ಸಲೀಸಾಗಿ ಸರಿಯಬೇಕು. ಬಿಗಿ ಇದ್ದರೆ ಅಲ್ಲಿಗೇ ನಿಲ್ಲಿಸಿ, ಗ್ರೀಸು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಲಿವರ್ ಎರಡೂ ತುದಿಯಲ್ಲಿರುವ ಫೋಟೊ ಕೇಳಿ. ಮಾರುವವರು ಅದನ್ನು ಕೊಡದಿದ್ದರೆ ಕಾರಣ ಊಹಿಸಬಹುದು.

ಮಾಮಿಯಾ ಸಿ220, ಸಿ330

ಉಳಿದ ಬಹುತೇಕ ಟ್ವಿನ್ ಲೆನ್ಸ್ ಕ್ಯಾಮೆರಾಗಳಿಗೆ ಬದಲಿಸಲಾಗದ ಒಂದೇ ಲೆನ್ಸ್ ಜೋಡಿ. ಮಾಮಿಯಾ ಆ ಜೋಡಿಯನ್ನೇ ಬದಲಿಸುವಂತೆ ಮಾಡಿತು: 55ರಿಂದ 250 ಮಿ.ಮೀ.ವರೆಗೆ. ಸೇಯಿಚಿ ಮಾಮಿಯಾ 1940ರಲ್ಲಿ ಶುರುಮಾಡಿದ ಈ ಕಂಪನಿಯ ಸಿ ಸರಣಿಯಲ್ಲಿ ಇವತ್ತು ಕೊಳ್ಳಬೇಕಾದವು 1968ರ ಸಿ220, 1969ರ ಸಿ330 ಮತ್ತು ಅವುಗಳ ಮುಂದಿನ ರೂಪಗಳು. ಸಿ330ರಲ್ಲಿ ಹ್ಯಾಂಡಲ್ ತಿರುಗಿಸಿದರೆ ಶಟರೂ ಸಿದ್ಧವಾಗುತ್ತದೆ. ಸಿ220ರಲ್ಲಿ ಅದನ್ನು ಕೈಯಿಂದಲೇ ಎಳೆಯಬೇಕು. ಆದರೆ ಅದು ಹಗುರ, ಅಗ್ಗ.

ಫೋಕಸಿಗೆ ಇಲ್ಲಿ ಬೆಲ್ಲೋಸ್ ಇದೆ, ಅಂದರೆ ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವ ಮಡಿಕೆಯ ಚೀಲ. 80 ಮಿ.ಮೀ. ಲೆನ್ಸಿನಲ್ಲಿ ಅರ್ಧ ಗಜಕ್ಕಿಂತ ಹತ್ತಿರ ಹೋಗಬಹುದು, ಯಾಶಿಕಾ ಮತ್ತು ಆಟೋಕಾರ್ಡ್ 1 ಮೀಟರಿನ ಹತ್ತಿರವೇ ನಿಂತುಬಿಡುತ್ತವೆ. ಹೂವು, ಒಡವೆ, ಮಗುವಿನ ಕೈಬೆರಳು ತೆಗೆಯುವವರಿಗೆ ಬೇರೆ ಆಯ್ಕೆ ಇಲ್ಲ. ಎರಡು ವಿಷಯ ಗಮನದಲ್ಲಿರಲಿ. ಬೆಲ್ಲೋಸ್ ಹೊರಗೆ ಬಂದಷ್ಟೂ ಬೆಳಕು ಕಡಿಮೆಯಾಗುತ್ತದೆ, 80 ಮಿ.ಮೀ. ಲೆನ್ಸನ್ನು 40 ಮಿ.ಮೀ. ಮುಂದೆ ತಂದರೆ 2.25 ಪಟ್ಟು, ಅಂದರೆ ಒಂದು ಸ್ಟಾಪಿಗಿಂತ (ಎರಡು ಪಟ್ಟಿಗಿಂತ) ತುಸು ಹೆಚ್ಚು ಬೆಳಕು ಕೊಡಬೇಕು. ಎರಡನೆಯದು, ಮೇಲಿನ ಲೆನ್ಸ್ ನೋಡಿದ್ದೇ ಕೆಳಗಿನದಕ್ಕೆ ಕಾಣುವುದಿಲ್ಲ. ಸಿ330ರ ಪರದೆಯಲ್ಲಿ ಸರಿಯುವ ಮುಳ್ಳಿನ ಕೆಳಗಿರುವುದಷ್ಟೇ ಚಿತ್ರಕ್ಕೆ ಬರುತ್ತದೆ. ಟ್ರೈಪಾಡಿನಲ್ಲಿದ್ದರೆ ಪ್ಯಾರಾಮೆಂಡರ್ ಎಂಬ, ಕ್ಯಾಮೆರಾವನ್ನು ಎತ್ತುವ ಸಾಧನ ಸಿಗುತ್ತದೆ: ನೋಡಿ ಮುಗಿಸಿ ಅದನ್ನು ಎತ್ತಿದರೆ ಕೆಳಗಿನ ಲೆನ್ಸ್ ಮೇಲಿನದು ಇದ್ದ ಜಾಗಕ್ಕೇ ಬಂದು ನಿಲ್ಲುತ್ತದೆ.

ಲೆನ್ಸ್ ಬದಲಿಸುವ ಮುನ್ನ ಪಕ್ಕದ ನಾಬನ್ನು ‘ಅನ್‌ಲಾಕ್’ಗೆ ತಿರುಗಿಸಬೇಕು. ಆಗ ಒಳಗೊಂದು ತೆರೆ ಎದ್ದು ಫಿಲ್ಮಿಗೆ ಬೆಳಕು ತಾಗದಂತೆ ಕಾಯುತ್ತದೆ. ಬದಲಿಸಿದ ಮೇಲೆ ‘ಲಾಕ್’ಗೆ ತರದಿದ್ದರೆ ಶಟರ್ ಒತ್ತಲು ಬರುವುದಿಲ್ಲ, ಕೆಟ್ಟಿತೆಂದು ಗಾಬರಿ ಬೀಳುವುದು ಬೇಡ. ಕೊಳ್ಳುವಾಗ ಕತ್ತಲ ಕೋಣೆಯಲ್ಲಿ ಹಿಂಬಾಗಿಲು ತೆರೆದು, ಒಳಗೆ ಟಾರ್ಚ್ ಹಿಡಿದು, ಬೆಲ್ಲೋಸನ್ನು ಪೂರ್ತಿ ಎಳೆದು ಮಡಿಕೆಗಳ ಮೂಲೆ ನೋಡಿ. ನಕ್ಷತ್ರದಂತೆ ಚುಕ್ಕಿ ಮಿನುಗಿದರೆ ತೂತಿದೆ. ಲೆನ್ಸ್‌ಗಳಲ್ಲಿ ಹಳೆಯ ಬೆಳ್ಳಿಬಣ್ಣದವನ್ನು ಬಿಟ್ಟು ಕಪ್ಪು ಮೈಯವನ್ನೇ ಆರಿಸಿ, ಅವುಗಳ ಸೈಕೊ ಶಟರ್ ರಿಪೇರಿ ಸುಲಭ.

ಒಂದು ಕೊರತೆ ತೂಕ. 80 ಮಿ.ಮೀ. ಲೆನ್ಸಿನೊಡನೆ ಸಿ330 ಸುಮಾರು 1.7 ಕಿಲೊ, 124ಜಿ ಸುಮಾರು 1.1 ಕಿಲೊ. ಮುಳ್ಳಯ್ಯನಗಿರಿ ಹತ್ತುವಾಗ ಆ ಅರ್ಧ ಕಿಲೊದ ಬೆಲೆ ಕುತ್ತಿಗೆಗೆ ಗೊತ್ತಾಗುತ್ತದೆ. ಮುಖಚಿತ್ರ, ಹತ್ತಿರದ ಚಿತ್ರ, ಸ್ಟುಡಿಯೊ ಕೆಲಸಕ್ಕೆ ಮಾಮಿಯಾ. ಬೀದಿ, ಪ್ರವಾಸ, ಮನೆಮಂದಿಗೆ ಉಳಿದೆರಡು.

ಕೈಗೆತ್ತಿಕೊಂಡು ನೋಡುವಾಗ

ಮೊದಲು ನಿಧಾನದ ವೇಗಗಳು. 1 ಸೆಕೆಂಡಿಗೆ ಇಟ್ಟು ಬಿಡಿ. ಒಳಗೆ ಗಡಿಯಾರದಂತೆ ‘ಜ್ಜ್...’ ಎಂದು ಓಡಿ ಮುಚ್ಚಬೇಕು. ಅರ್ಧದಲ್ಲಿ ತಡೆದು ನಿಂತರೆ ಗೇರುಗಳಲ್ಲಿ ಎಣ್ಣೆ ಗೋಂದಾಗಿದೆ. ಸ್ಟುಡಿಯೊಗಳಲ್ಲಿ ದುಡಿದ ಕ್ಯಾಮೆರಾಗಳಲ್ಲಿ ಇದು ಹೆಚ್ಚು, ಏಕೆಂದರೆ ಫ್ಲ್ಯಾಶಿನೊಡನೆ ಒಂದೇ ವೇಗದಲ್ಲಿ ಬಳಸಿ ನಿಧಾನದ ಗೇರುಗಳನ್ನು ಯಾರೂ ಮುಟ್ಟಿರುವುದಿಲ್ಲ. ಶುಚಿ ಮಾಡಿಸಿದರೆ ಸರಿಹೋಗುವಂಥದ್ದು. 1/500 ಬೇಕಿದ್ದರೆ ಶಟರ್ ಎಳೆಯುವ ಮೊದಲೇ ಅದಕ್ಕೆ ಇಡಿ, ಎಳೆದ ಮೇಲೆ ತಿರುಗಿಸಬೇಡಿ. ಸೆಲ್ಫ್ ಟೈಮರ್ ಲಿವರನ್ನು ಪರೀಕ್ಷೆಗೂ ಮುಟ್ಟಬೇಡಿ. ಹಳೆಯ ಟೈಮರ್ ನಡುವೆ ಸಿಕ್ಕಿಕೊಂಡರೆ ಅದರೊಡನೆ ಶಟರೂ ಸಿಕ್ಕಿಕೊಳ್ಳುತ್ತದೆ.

ಫ್ಲ್ಯಾಶ್ ಬಳಸುವವರು ಅದನ್ನು ಶಟರಿಗೆ ಹೊಂದಿಸುವ ಸಿಂಕ್ ಲಿವರ್ ‘ಎಕ್ಸ್’ನಲ್ಲಿದೆಯೇ ನೋಡಿ. ‘ಎಂ’ ಇದ್ದುದು ಹಳೆಯ ಬಲ್ಬುಗಳಿಗೆ. ಅವು ಉರಿದು ಬೆಳಗುವವರೆಗೆ ಶಟರ್ ಕಾಯುತ್ತದೆ. ಈಗಿನ ಎಲೆಕ್ಟ್ರಾನಿಕ್ ಫ್ಲ್ಯಾಶ್ ಅಷ್ಟರಲ್ಲಿ ಮಿಂಚಿ ಆರಿರುತ್ತದೆ, ಫಿಲ್ಮಿನಲ್ಲಿ ಏನೂ ಇರುವುದಿಲ್ಲ.

ಆಮೇಲೆ ಲೆನ್ಸ್. ಶಟರನ್ನು ‘ಬಿ’ಯಲ್ಲಿ (ಒತ್ತಿದಷ್ಟು ಹೊತ್ತೂ ತೆರೆದೇ ಇರುತ್ತದೆ) ತೆರೆದು ಹಿಡಿದು, ಹಿಂದಿನಿಂದ ಟಾರ್ಚ್ ಓರೆಯಾಗಿ ಹಾಯಿಸಿ. ಧೂಳಿನ ಕಣ ಲೆಕ್ಕಕ್ಕಿಲ್ಲ. ಜೇಡರ ಬಲೆಯಂತೆ ಕವಲೊಡೆದ ಎಳೆ ಕಂಡರೆ ಅದು ಫಂಗಸ್. ಮಂಗಳೂರು, ಉಡುಪಿ, ತೀರ್ಥಹಳ್ಳಿ, ಮಡಿಕೇರಿಯ ಮಳೆಗಾಲವನ್ನು ಚರ್ಮದ ಚೀಲದೊಳಗೆ ಕಳೆದ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ, ಚರ್ಮವೇ ತೇವ ಹಿಡಿದಿಟ್ಟುಕೊಳ್ಳುತ್ತದೆ. ಹೊಸ ಫಂಗಸ್ ಒರೆಸಿದರೆ ಹೋದೀತು. ಹಳೆಯದು ಗಾಜಿನ ಲೇಪವನ್ನೇ ಕೊರೆದಿರುತ್ತದೆ. ಮೇಲಿನ ಲೆನ್ಸಿನಲ್ಲಿದ್ದರೆ ಚಿಂತೆ ಬೇಡ, ಅದು ಚಿತ್ರಕ್ಕೆ ಬರುವುದಿಲ್ಲ. ಚೌಕಾಸಿಗೆ ಒಳ್ಳೆಯ ಕಾರಣವಾಗುತ್ತದೆ.

ಹುಡ್ ತೆರೆದು ಪರದೆ ನೋಡಿ. ತೀರಾ ಮಬ್ಬಾಗಿದ್ದರೆ ಕೆಳಗಿನ ಕನ್ನಡಿ ಸವೆದಿದೆ. ಈ ಕನ್ನಡಿಗೆ ಬೆಳ್ಳಿಯ ಲೇಪ ಮೇಲ್ಮೈಯಲ್ಲೇ ಇರುತ್ತದೆ, ಬಟ್ಟೆಯಿಂದ ಒರೆಸಿದರೆ ಲೇಪವೇ ಎದ್ದು ಬರುತ್ತದೆ. ಕೆಲವು ಕ್ಯಾಮೆರಾಗಳಲ್ಲಿ ಯಾರೋ ಮುಖ ನೋಡುವ ಕನ್ನಡಿ ಕತ್ತರಿಸಿ ಹಾಕಿರುತ್ತಾರೆ. ದೀಪವೊಂದನ್ನು ಪರದೆಯಲ್ಲಿ ನೋಡಿದರೆ ಅದರ ಪಕ್ಕ ಇನ್ನೊಂದು ತೆಳು ದೀಪ ಕಾಣುವುದೇ ಇದರ ಗುರುತು. ಪ್ರತಿಬಿಂಬ ಗಾಜಿನ ಹಿಂದಿನಿಂದ ಬರುವುದರಿಂದ ದೂರ ಬದಲಾಗಿ ಫೋಕಸ್ ತಪ್ಪುತ್ತದೆ. ನಿಮಗೆ ಪರದೆಯಲ್ಲಿ ಚೊಕ್ಕವಾಗಿ ಕಂಡ ಕಣ್ಣು ಫಿಲ್ಮಿನಲ್ಲಿ ಮಸುಕು.

ಫೋಕಸ್ ಪರೀಕ್ಷೆಗೆ ಒಂದು ತುಂಡು ಮ್ಯಾಟ್ ಗಾಜು ಒಯ್ಯಿರಿ, ಸುಮಾರು 6 ಸೆಂ.ಮೀ. ಅಗಲ. ಹಿಂಬಾಗಿಲು ತೆರೆದು, ಫಿಲ್ಮ್ ಹಾಯುವ ಒಳಗಿನ ಹಳಿಗಳ ಮೇಲೆ ಅದರ ಒರಟು ಮುಖ ಲೆನ್ಸಿನ ಕಡೆಗಿರುವಂತೆ ಇಡಿ. ಹೊರಗಿನ ಹಳಿ ಒತ್ತುಫಲಕಕ್ಕೆ, ಅದರ ಮೇಲಿಟ್ಟರೆ ಅಳತೆ ತಪ್ಪುತ್ತದೆ. ಕೇಬಲ್ ರಿಲೀಸಿನಿಂದ (ಶಟರ್ ಒತ್ತುವ ತಂತಿ) ‘ಬಿ’ಯಲ್ಲಿ ತೆರೆದು, ಎಫ್/3.5ಕ್ಕೆ ಇಟ್ಟು, ದೂರದ ಕರೆಂಟ್ ಕಂಬ ನೋಡಿ. ಮೇಲಿನ ಪರದೆಯಲ್ಲೂ ಈ ಗಾಜಿನಲ್ಲೂ ಒಟ್ಟಿಗೇ ಚೊಕ್ಕವಾಗಬೇಕು. ನಂತರ 1 ಮೀಟರಿನಲ್ಲಿ ದಿನಪತ್ರಿಕೆ ಹಿಡಿದು ಅದೇ ಪರೀಕ್ಷೆ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮಸುಕಾದರೆ ಕ್ಯಾಮೆರಾ ಬಿದ್ದು ಲೆನ್ಸ್ ಕೂತಿರುವ ಮುಂಭಾಗ ಓರೆಯಾಗಿದೆ. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಅವಧಿ ಮುಗಿದ ಒಂದು ರೋಲನ್ನೂ ಒಯ್ಯಿರಿ. ಬರೀ ಕಾಗದ ಸಾಲದು, ಫಿಲ್ಮಿನ ದಪ್ಪ ಸೇರಿದಾಗಲೇ ಚಿತ್ರಗಳ ನಡುವಿನ ಅಂತರ ಸರಿಯಾಗಿ ಬರುವುದು. ಕಾಗದದ ಮೇಲಿನ ಬಾಣವನ್ನು ಮೈಮೇಲಿನ ಗುರುತಿಗೆ ತರುವಾಗ ಹೊಸ ಸ್ಪೂಲಿನ ಮೇಲೆ ಹೆಬ್ಬೆರಳು ಒತ್ತಿರಲಿ. ಸಡಿಲವಾಗಿ ಸುತ್ತಿದರೆ ರೋಲ್ ಉಬ್ಬಿ, ಹೊರತೆಗೆಯುವಾಗ ಅಂಚಿಗೆ ಬೆಳಕು ತಾಗುತ್ತದೆ. 12 ಸಲ ನಿಂತು, ಆಮೇಲೆ ಸಲೀಸಾಗಿ ಸುತ್ತಿಕೊಂಡರೆ ಯಂತ್ರ ಸರಿಯಿದೆ.

ಜಪಾನಿನಿಂದ ತರಿಸುವವರು ‘ಚಿತ್ರಕ್ಕೆ ತೊಂದರೆಯಿಲ್ಲ’ ಎಂಬ ಮಾತನ್ನು ನಂಬದೆ, ಲೆನ್ಸಿನ ಮೂಲಕ ಬೆಳಕು ಹಾಯಿಸಿದ ಫೋಟೊ ಕೇಳಿ. ಕಸ್ಟಮ್ಸ್ ಸುಂಕವನ್ನೂ ಸೇರಿಸಿಯೇ ಬೆಲೆ ಹೋಲಿಸಿ. ಮನೆಗೆ ಬಂದ ಮೇಲೆ 124ಜಿಯ ಹಿಂಬಾಗಿಲಿನ ಸ್ಪಂಜು ಡಾಂಬರಿನಂತೆ ಅಂಟುತ್ತಿದ್ದರೆ ಕೆರೆದು ತೆಗೆದು, ಕಪ್ಪು ಉಣ್ಣೆ ದಾರ ಅಂಟಿಸಿದರೂ ನಡೆಯುತ್ತದೆ. ಚರ್ಮದ ಚೀಲ ಕಪಾಟಿನಲ್ಲಿ ಬೇರೆಯೇ ಇರಲಿ. ಕ್ಯಾಮೆರಾವನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಒಳಗಿನ ತೇವ ಶೇಕಡಾ 40ರಿಂದ 50ರ ನಡುವೆ ಇರುವಂತೆ ಸಣ್ಣ ಹೈಗ್ರೋಮೀಟರ್ ಹಾಕಿ. ಜೆಲ್ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿಮಾಡಿ, ತಣಿದ ಮೇಲೆ ಮತ್ತೆ ಹಾಕಬಹುದು.